ರಟ್ಟೆಯಿಂದ ಶುರುವಾಗುವ ಲೆಕ್ಕ

ಮೊದಲ ತಾಸಿನಲ್ಲಿ 42 ರೊಟ್ಟಿ. ಎರಡನೆಯ ತಾಸಿನಲ್ಲಿ 37. ಮೂರನೆಯದರಲ್ಲಿ 31, ನಾಲ್ಕನೆಯದರಲ್ಲಿ 28. ಐದನೆಯ ತಾಸು ಮುಗಿದಾಗ ಬುಟ್ಟಿಗೆ ಬಿದ್ದದ್ದು 24. ವಿಜಯಪುರದಲ್ಲಿ ನಮ್ಮ ಅಣ್ಣನ ಮನೆಯ ಹಿತ್ತಲಲ್ಲಿ, ತಗಡಿನ ಚಪ್ಪರದ ಕೆಳಗೆ, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ನಾನು ಬರೆದ ಲೆಕ್ಕ ಇದು. ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳಿಗೆ ಮೂವತ್ತರ ಆಸುಪಾಸು. ಹತ್ತನೆಯ ವಯಸ್ಸಿನಿಂದ ಹಿಟ್ಟು ನಾದಿದ ಕೈ. ಮೊದಲ ತಾಸಿನಲ್ಲಿ ಆ ಕೈಯ ಸಪ್ಪಳ ಒಂದೇ ಲಯದಲ್ಲಿತ್ತು. ನಾಲ್ಕನೆಯ ತಾಸಿಗೆ ಆಕೆ ಎರಡು ರೊಟ್ಟಿಗೊಮ್ಮೆ ಕೈ ಜಾಡಿಸತೊಡಗಿದಳು. “ರಟ್ಟಿ ಹಿಡಕೊಂಡಾವ್ರಿ ಅಕ್ಕಾರ” ಎಂದು ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ ಹೇಳಿ, ತಪ್ಪು ಮಾಡಿದವಳ ಹಾಗೆ ಮುಖ ತಗ್ಗಿಸಿದಳು.

ತಪ್ಪು ಆಕೆಯದಾಗಿರಲಿಲ್ಲ, ನಮ್ಮ ಕಾಗದದ್ದಾಗಿತ್ತು. ಖಡಕ್ ರೊಟ್ಟಿ ಮಾಡಿ ಮಾರುವ ಉದ್ಯೋಗ ಶುರುಮಾಡಬೇಕೆಂದು ವೈನಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟ ಲೆಕ್ಕ ಹೀಗಿತ್ತು: ‘ಒಬ್ಬಾಕಿ ತಾಸಿಗೆ ನಲವತ್ತು. ನಾಕು ಮಂದಿ. ಐದು ತಾಸು. ದಿನಕ್ಕ ಎಂಟನೂರು.’ ಗುಣಾಕಾರದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೆ ಗಡಿಯಾರ ಹೇಳಿದ ಪ್ರಕಾರ ಐದು ತಾಸಿಗೆ ಒಬ್ಬರಿಂದ ಬಂದದ್ದು 162, ನಾಲ್ವರಿಂದ 648. ದಿನಕ್ಕೆ ನೂರೈವತ್ತು ರೊಟ್ಟಿ ಖೋತಾ. ವೈನಿ ತಿಂಗಳಿಗೆಂದು ಹಿಡಿದಿದ್ದ ಲಾಭವೆಲ್ಲ ಆ ನೂರೈವತ್ತು ರೊಟ್ಟಿಯಲ್ಲೇ ಇತ್ತು. ಉದ್ಯೋಗ ಶುರುವಾಗುವ ಮೊದಲೇ ಅದು ತಿಳಿದದ್ದು ನಮ್ಮ ಪುಣ್ಯ.

ಬ್ಯಾಂಕಿನ ಶಾಖೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದವನು ನಾನು. ಸಣ್ಣ ಉದ್ಯೋಗದ ಸಾಲಕ್ಕೆಂದು ಬಂದ ಪ್ರಾಜೆಕ್ಟ್ ರಿಪೋರ್ಟುಗಳನ್ನು ಎಷ್ಟು ಓದಿದ್ದೇನೋ ಲೆಕ್ಕವಿಲ್ಲ. ಹಪ್ಪಳ, ಶಾವಿಗೆ, ಹಾಲಿನ ಪೇಡೆ, ಸಿಮೆಂಟ್ ಇಟ್ಟಿಗೆ, ಅಡಿಕೆ ತಟ್ಟೆ, ವೆಲ್ಡಿಂಗ್ ಅಂಗಡಿ. ಎಲ್ಲದರಲ್ಲೂ ಮಾರುಕಟ್ಟೆಯ ವರ್ಣನೆ ನಾಲ್ಕು ಪುಟ, ಲಾಭ-ನಷ್ಟದ ಪಟ್ಟಿ ಆರು ಪುಟ ಇರುತ್ತಿತ್ತು. ದಿನಾ ಕೆಲಸ ಹೇಗೆ ನಡೆಯುತ್ತದೆ ಎನ್ನುವ ಭಾಗಕ್ಕೆ ಮಾತ್ರ ಅರ್ಧ ಪುಟ. ಆ ಅರ್ಧ ಪುಟವೂ ಒಂದೇ ಕಡೆ ಟೈಪ್ ಮಾಡಿಸಿದ ಒಂದೇ ಒಕ್ಕಣೆ: ‘ಕಚ್ಚಾ ಸಾಮಗ್ರಿ ಸ್ಥಳೀಯವಾಗಿ ಲಭ್ಯ, ಕುಶಲ ಕಾರ್ಮಿಕರು ಲಭ್ಯ, ವಿದ್ಯುತ್ ಲಭ್ಯ.’ ನಾನೂ ಅದನ್ನು ಓದಿ ಮುಂದಿನ ಪುಟಕ್ಕೆ ಹೋದವನೇ. ಸಾಲ ಕೊಟ್ಟ ಮೇಲೆ ಎರಡನೆಯ ವರ್ಷಕ್ಕೆ ಮುಚ್ಚಿದ ಉದ್ಯೋಗಗಳ ಬಾಗಿಲಿಗೆ ಹೋಗಿ ನಿಂತಾಗಲೇ ಆ ಅರ್ಧ ಪುಟದ ಬೆಲೆ ಗೊತ್ತಾದದ್ದು. ಮಾಲಿಗೆ ಗಿರಾಕಿ ಇಲ್ಲದೆ ಮುಚ್ಚಿದವು ಕಡಿಮೆ. ಗಿರಾಕಿ ಬಾಗಿಲಲ್ಲಿ ನಿಂತಿದ್ದಾಗ ಮಾಲು ಕೊಡಲಾಗದೆ ಮುಚ್ಚಿದವೇ ಹೆಚ್ಚು.

ಒಂದು ಮನೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಗಂಡ-ಹೆಂಡತಿ ಇಬ್ಬರೂ ದುಡಿಮೆಗಾರರು. ರೊಟ್ಟಿ ಮಾಡುವ ಯಂತ್ರ ತರಿಸಿದರು. ತಾಸಿಗೆ ಇಷ್ಟು ನೂರು ರೊಟ್ಟಿ ಎಂದು ಮಾರಿದವರು ಹೇಳಿದ ಅಂಕಿಯನ್ನೇ ಹಿಡಿದು ಕಂತು ಕಟ್ಟುವ ಲೆಕ್ಕ ಹಾಕಿದ್ದರು. ಯಂತ್ರ ಬಂದು ಪಡಸಾಲೆಯಲ್ಲಿ ಇಳಿದ ದಿನ ಗೊತ್ತಾಯಿತು, ಅದಕ್ಕೆ ತ್ರೀ ಫೇಸ್ ಕರೆಂಟ್ ಬೇಕು, ಮನೆಗಿರುವುದು ಸಿಂಗಲ್ ಫೇಸ್. ಹೊಸ ಸಂಪರ್ಕಕ್ಕೆ ಅರ್ಜಿ, ಠೇವಣಿ, ಕಂಬ, ತಂತಿ ಎಂದು ತಿಂಗಳುಗಳು ಹೋದವು. ಕಂತು ಮಾತ್ರ ತಿಂಗಳು ತಪ್ಪಲಿಲ್ಲ. ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿಟ್ಟಿದ್ದರು. ನಾನು ವಸೂಲಿಗೆ ಹೋದಾಗ ಆ ತಾಯಿ ಮೊದಲು ಚಹಾ ಕೊಟ್ಟು, ಆಮೇಲೆ ಅತ್ತಳು. ಆ ಕಡತದ ಮೇಲೆ ‘ವಿದ್ಯುತ್ ಲಭ್ಯ’ ಎಂಬ ಸಾಲಿನ ಪಕ್ಕದಲ್ಲಿ ನನ್ನದೇ ಟಿಕ್ ಗುರುತು ಇತ್ತು.

ಅದಕ್ಕೇ ನಿವೃತ್ತನಾದ ಮೇಲೆ ವೈನಿ “ತಮ್ಮಾ, ನೀ ಬ್ಯಾಂಕಿನ್ಯಾಗ ಇದ್ದಾಂವ, ನನಗೊಂದು ಪ್ಲಾನ್ ಬರದು ಕೊಡು” ಎಂದಾಗ ನಾನು ಪೆನ್ನು ಹಿಡಿಯಲಿಲ್ಲ, ಗಡಿಯಾರ ಹಿಡಿದೆ. ಎಷ್ಟು ಮಾರಬಹುದು ಎನ್ನುವಲ್ಲಿಂದ ಹಿಂದಕ್ಕೆ ಬಂದರೆ ಲೆಕ್ಕ ಯಾವಾಗಲೂ ಚೆಂದ ಕಾಣುತ್ತದೆ. ಒಂದು ಜೊತೆ ಕೈ ದಣಿಯದೆ ಎಷ್ಟು ಮಾಡಬಲ್ಲದು ಎನ್ನುವಲ್ಲಿಂದ ಮುಂದಕ್ಕೆ ಹೋದರೆ ಲೆಕ್ಕ ಸಣ್ಣದಾಗಿ ಕಾಣುತ್ತದೆ, ಆದರೆ ನಿಲ್ಲುತ್ತದೆ. ಸಣ್ಣ ಉದ್ಯೋಗ ಮಾಡಹೊರಟವರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ದಿನವನ್ನು ಹಿಂದುಮುಂದಾಗಿ ಬರೆದೆವು. ವೈನಿಗೆ ಮೊದಲು ಸಿಕ್ಕ ಗಿರಾಕಿಗಳು ಎರಡು ಖಾನಾವಳಿ. ಅವರಿಗೆ ಬೇಕಾದದ್ದು ಮೆತ್ತನೆಯ ಬಿಸಿ ರೊಟ್ಟಿ, ಮಧ್ಯಾಹ್ನದ ಊಟದ ಹೊತ್ತಿಗೆ. ಹನ್ನೆರಡಕ್ಕೆ ಪಂಕ್ತಿ ಕೂರುವುದಾದರೆ ಹನ್ನೊಂದೂವರೆಗೆ ರೊಟ್ಟಿ ಅಲ್ಲಿರಬೇಕು. ಆಟೋಗೆ ಇಪ್ಪತ್ತು ನಿಮಿಷ, ಬಟ್ಟೆ ಸುತ್ತಿ ಬುಟ್ಟಿಗೆ ತುಂಬಲು ಹದಿನೈದು ನಿಮಿಷ. ಅಂದರೆ ಕೊನೆಯ ರೊಟ್ಟಿ ಹನ್ನೊಂದಕ್ಕೂ ಮೊದಲೇ ಹಂಚಿನಿಂದ ಇಳಿಯಬೇಕು. ಖಡಕ್ ರೊಟ್ಟಿಗೆ ಈ ಅವಸರವಿಲ್ಲ. ಅದಕ್ಕೆ ಬೇಕಾದದ್ದು ಒಣಗುವ ಹೊತ್ತು ಮತ್ತು ಜಾಗ. ಇವತ್ತು ಬಡಿದದ್ದನ್ನು ನಾಳೆ, ನಾಡಿದ್ದು ಕಟ್ಟಬಹುದು. ಅದೇ ಜೋಳ, ಅದೇ ಕೈ, ಆದರೆ ಎರಡು ಬೇರೆ ಬೇರೆ ಗಡಿಯಾರ. ಎರಡನ್ನೂ ಒಟ್ಟಿಗೆ ನಡೆಸಬೇಕೆಂದು ವೈನಿಯ ಆಸೆ. ನಾನು ಬೇಡವೆಂದೆ. ಖಾನಾವಳಿಯವರದು ದಿನಾ ತಪ್ಪದ ಗಿರಾಕಿ, ನಿಜ. ಆದರೆ ಒಂದು ದಿನ ಅರ್ಧ ತಾಸು ತಡವಾದರೆ ಅವರ ಊಟ ಕೆಡುತ್ತದೆ, ನಮ್ಮ ಹೆಸರೂ ಕೆಡುತ್ತದೆ. ಹೊಸ ಉದ್ಯೋಗಕ್ಕೆ ತಡವನ್ನು ತಾಳಿಕೊಳ್ಳುವ ಮಾಲೇ ಲೇಸು. ಮೊದಲ ಆರು ತಿಂಗಳು ಬರೀ ಖಡಕ್ ಎಂದು ತೀರ್ಮಾನವಾಯಿತು.

ಮುಂದೆ ಹಿಟ್ಟಿನ ವಿಷಯ. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಉದ್ಯೋಗದ ವೇಳಾಪಟ್ಟಿ ನಿಂತಿರುವುದು ಇದರ ಮೇಲೆ. ಗೋಧಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿದರೂ ಎಳೆಯುತ್ತದೆ, ಏಕೆಂದರೆ ಅದರಲ್ಲಿ ಗ್ಲುಟನ್ ಇದೆ. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟಿಗೆ ಜಿಗಿ ಬರುವುದು ಕುದಿಯುವ ಎಸರಿನಿಂದ. ಬಿಸಿನೀರು ಬಿದ್ದ ಕೂಡಲೇ ಹಿಟ್ಟಿನ ಪಿಷ್ಟ ಅರಳಿ ಅಂಟಾಗುತ್ತದೆ, ಆ ಅಂಟಿನ ಬಲದಲ್ಲೇ ರೊಟ್ಟಿ ತೆಳ್ಳಗೆ ಹರಡುತ್ತದೆ. ಹಿಟ್ಟು ಹಳೆಯದಾದಷ್ಟೂ ಜಿಗಿ ತಗ್ಗುತ್ತದೆ, ಅಂಚು ಸೀಳುತ್ತದೆ, ಎತ್ತಿ ಹಂಚಿಗೆ ಹಾಕುವಾಗ ಹರಿಯುತ್ತದೆ. ಹಾಗಾಗಿ ತಿಂಗಳಿಗಾಗುವಷ್ಟು ಹಿಟ್ಟನ್ನು ಒಮ್ಮೆಲೇ ಬೀಸಿಸಿಟ್ಟರೆ ಗಿರಣಿಯ ಓಡಾಟ ಉಳಿಯುತ್ತದೆ, ರೊಟ್ಟಿ ಉಳಿಯುವುದಿಲ್ಲ. ವೈನಿಯ ಅಳತೆಯಲ್ಲಿ ಒಂದು ಕೆಜಿ ಹಿಟ್ಟಿಗೆ 22 ರೊಟ್ಟಿ. ದಿನಕ್ಕೆ 600 ಎಂದರೆ 27 ಕೆಜಿ. ದಿನ ಬಿಟ್ಟು ದಿನ 55 ಕೆಜಿ ಬೀಸಿಸುವುದೆಂದು ಗೊತ್ತುಮಾಡಿದೆವು. ಗಿರಣಿಯವನ ಹತ್ತಿರ ಮೊದಲೇ ಮಾತಾಡಿ ಸಂಜೆ ಏಳರ ಹೊತ್ತು ಹಿಡಿದಿಟ್ಟೆವು. ಅದಕ್ಕೂ ಮೊದಲು ಜೋಳ ಹಸನು ಮಾಡಿರಬೇಕು, ಕಲ್ಲು ಆರಿಸಿರಬೇಕು. ಅದು ಮಧ್ಯಾಹ್ನದ ಕೆಲಸ. ಮುಂಜಾನೆ ಐದೂವರೆಗೆ ಎಸರು ಕುದಿಯಬೇಕಾದರೆ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೇ ನಾಳೆಯ ದಿನ ಶುರುವಾಗಿರುತ್ತದೆ ಎನ್ನುವುದು ಬರೆದಾಗಲೇ ನಮಗೆ ಹೊಳೆದದ್ದು.

ಇನ್ನು ಹಂಚು. ಬಡಿಯುವವರೇ ಬೇಯಿಸಿದರೆ ಎರಡೂ ಕೆಲಸ ನಿಧಾನ. ನಾಲ್ವರು ಬಡಿಯಲಿ, ಇಬ್ಬರು ಬೇಯಿಸಲಿ, ಒಬ್ಬೊಬ್ಬರ ಮುಂದೆ ಎರಡೆರಡು ಹಂಚು ಇರಲಿ ಎಂದು ವಿಂಗಡಿಸಿದೆವು. ಬೇಯಿಸುವವಳು ರೊಟ್ಟಿಯ ಮೈಗೆ ಒದ್ದೆ ಬಟ್ಟೆ ಸವರಿ ತಿರುವಿ ಹಾಕುವಷ್ಟರಲ್ಲಿ ಪಕ್ಕದ ಹಂಚಿನದು ಉಬ್ಬಿರುತ್ತದೆ. ಮುಖ್ಯವಾದದ್ದು ಇನ್ನೊಂದಿತ್ತು. ಒಂದೂವರೆ ತಾಸಿಗೊಮ್ಮೆ ಜಾಗ ಬದಲು. ಬಡಿದವರಲ್ಲಿ ಇಬ್ಬರು ಒಲೆಯ ಮುಂದೆ, ಒಲೆಯವರು ಹಲಗೆಯ ಮುಂದೆ. ಕುಳಿತು ಬಡಿಯುವ ಬದಲು ಸೊಂಟದೆತ್ತರದ ಕಟ್ಟೆ ಹಾಕಿಸಿದೆವು, ಮಂಡಿ ನೋವಿನವರಿಗೆ ಅನುಕೂಲವಾಯಿತು. ಮತ್ತೆ ಗಡಿಯಾರ ಹಿಡಿದು ಕೂತೆ. ಐದನೆಯ ತಾಸಿನಲ್ಲಿ 24 ಇದ್ದದ್ದು 33ಕ್ಕೆ ಏರಿತ್ತು. ಯಾರನ್ನೂ ಅವಸರಪಡಿಸಿರಲಿಲ್ಲ. ಹೀಗಿದ್ದೂ ನಾವು ದಿನದ ಗುರಿಯನ್ನು 600ರಲ್ಲೇ ನಿಲ್ಲಿಸಿದೆವು. ಉಳಿದ ಶಕ್ತಿ ಕೆಟ್ಟ ದಿನಗಳಿಗೆ ಇರಲಿ ಎಂದು.

ಕೆಟ್ಟ ದಿನ ಬಂದೇ ಬಂತು, ಎಣಿಸದ ದಿಕ್ಕಿನಿಂದ. ಶ್ರಾವಣದಲ್ಲಿ ಊರ ಕಡೆಯ ಒಂದು ಪುರಾಣ ಮಂಗಲದ ದಾಸೋಹಕ್ಕೆ 2,000 ಖಡಕ್ ರೊಟ್ಟಿಯ ಆರ್ಡರ್. ದಿನಕ್ಕೆ ಏಳುನೂರರ ಹಾಗೆ ಮೂರು ದಿನ, ಸಲೀಸು ಎಂದುಕೊಂಡೆವು. ಕೈ ಇತ್ತು, ಹಂಚು ಇತ್ತು, ಹಿಟ್ಟು ಇತ್ತು. ಮೊದಲ ದಿನ ಬಿಸಿಲು ಬೀಳಲಿಲ್ಲ. ಎರಡನೆಯ ದಿನ ಜಿಟಿಜಿಟಿ ಮಳೆ. ಒಣಗಲು ಹರವಿದ ರೊಟ್ಟಿಯಿಂದ ಎರಡೂ ಕೋಣೆ ತುಂಬಿ, ಹೊಸದಕ್ಕೆ ಜಾಗವಿಲ್ಲದೆ, ಬೆಚ್ಚಗಿದ್ದಂತೆಯೇ ಥಪ್ಪಿ ಒಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರು. ನಾಲ್ಕನೆಯ ದಿನ ಚೀಲ ಬಿಚ್ಚಿದಾಗ ಮೊದಲು ಬಂದದ್ದು ಮುಗ್ಗುಲು ವಾಸನೆ. ರೊಟ್ಟಿ ಬೆವರಿತ್ತು. ನಡುವಿನ ರೊಟ್ಟಿಗಳ ಮೈಮೇಲೆ ಸಾಸಿವೆ ಕಾಳಿನಷ್ಟು ಹಸಿರು ಬೂಸಿನ ಚುಕ್ಕೆ. ವೈನಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಬೇರೆ ಇಟ್ಟಳು. ಎಣಿಸಿದಾಗ ಏಳುನೂರು. ಮೇಲುಮೇಲಿನವನ್ನು ಒರೆಸಿ ಕೊಟ್ಟುಬಿಡೋಣ ಎಂದು ಯಾರೋ ಅಂದರು. ವೈನಿ ಅವರ ಮುಖವನ್ನೂ ನೋಡಲಿಲ್ಲ. “ದಾಸೋಹಕ್ಕ ಹೋಗೂ ರೊಟ್ಟಿ ಅದು” ಎಂದಷ್ಟೇ ಹೇಳಿ, ಅಷ್ಟನ್ನೂ ತಿಪ್ಪೆಗೆ ಹಾಕಿಸಿದಳು.

ಆ ರಾತ್ರಿ ಓಣಿಯ ಹನ್ನೊಂದು ಮನೆಗಳ ಒಲೆ ಹೊತ್ತಿದವು. ವೈನಿ ಮನೆಮನೆಗೆ ಹೋಗಿ ಹಿಟ್ಟು ಹಂಚಿ ಬಂದಿದ್ದಳು. ಬೆಳಗಾಗುವುದರೊಳಗೆ ಏಳುನೂರು ರೊಟ್ಟಿ ತಯಾರಾಗಿತ್ತು, ಹಂಚಿನ ಕಾವಿನಲ್ಲೇ ಸುಟ್ಟು ಗರಿಗರಿ ಮಾಡಿದ್ದರು. ಮಾತು ಉಳಿಯಿತು. ಆ ತಿಂಗಳ ಲಾಭ ಉಳಿಯಲಿಲ್ಲ.

ನಾವು ಕೈಯನ್ನು ಅಳೆದಿದ್ದೆವು, ಹಂಚನ್ನು ಅಳೆದಿದ್ದೆವು. ರೊಟ್ಟಿ ಒಣಗುವ ಜಾಗವನ್ನು ಅಳೆದಿರಲಿಲ್ಲ. ಯಾವ ಉದ್ಯೋಗದಲ್ಲೂ ತಂಬಿಗೆಯ ಕುತ್ತಿಗೆಯಂಥ ಒಂದು ಇಕ್ಕಟ್ಟಿನ ಜಾಗ ಇರುತ್ತದೆ. ಅದರ ಮೂಲಕ ಹೋಗುವಷ್ಟೇ ಮಾಲು ಹೊರಗೆ ಹೋಗುತ್ತದೆ, ಹಿಂದೆ ಎಷ್ಟೇ ಸುರಿದರೂ ಅಷ್ಟೆ. ಆ ಇಕ್ಕಟ್ಟು ಬೇಸಿಗೆಯಲ್ಲಿ ರಟ್ಟೆಯಲ್ಲಿತ್ತು, ಮಳೆಗಾಲದಲ್ಲಿ ಒಣಗಿಸುವ ಕೋಣೆಗೆ ಸರಿಯಿತು. ಈಗ ಐದು ಹಂತದ ಬಿದಿರಿನ ತಟ್ಟಿಗಳನ್ನು ಮಾಡಿಸಿದ್ದೇವೆ. ರೊಟ್ಟಿಯನ್ನು ಮಲಗಿಸದೆ ಒಂದರ ಪಕ್ಕ ಒಂದು ಓರೆಯಾಗಿ ನಿಲ್ಲಿಸಿದರೆ ಒಂದು ತಟ್ಟಿಗೆ 300 ಹಿಡಿಯುತ್ತದೆ, ನಡುವೆ ಗಾಳಿ ಆಡುತ್ತದೆ. ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕಾದ್ದರಿಂದ, ಮೂರು ತಟ್ಟಿ ಇದ್ದರೆ ದಿನಕ್ಕೆ 450ಕ್ಕಿಂತ ಹೆಚ್ಚು ಬಡಿಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಮಿತಿ. ಎಂಥ ದೊಡ್ಡ ಆರ್ಡರ್ ಬಂದರೂ ಫೋನಿನಲ್ಲಿ ಹೂಂ ಅನ್ನುವ ಮೊದಲು ವೈನಿ ಒಮ್ಮೆ ತಟ್ಟಿಗಳ ಕಡೆ ನೋಡುತ್ತಾಳೆ.

ಆ ರಾತ್ರಿಯ ಹನ್ನೊಂದು ಒಲೆಗಳು ನನಗೆ ಎರಡು ದೊಡ್ಡ ಕೆಲಸಗಳನ್ನು ನೆನಪಿಸಿದವು. ಒಂದು, ಕೊಪ್ಪಳದ ಗವಿಮಠದ ಜಾತ್ರೆ. ಜನವರಿಯ ಆ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಟ್ರ್ಯಾಕ್ಟರ್‌ಗಳಲ್ಲಿ, ಬಂಡಿಗಳಲ್ಲಿ, ಮೆರವಣಿಗೆ ಮಾಡಿಕೊಂಡು ತರುತ್ತಾರೆ. ಅಷ್ಟೂ ರೊಟ್ಟಿಯನ್ನು ಒಂದೇ ಅಡುಗೆಮನೆಯಲ್ಲಿ ಬಡಿಯಬೇಕೆಂದರೆ ಯಾವ ಊರಿನಿಂದಲೂ ಆಗದು. ಒಂದೊಂದು ಮನೆ ತನ್ನ ಕೈಲಾದಷ್ಟು ಬಡಿದು ಕೊಟ್ಟಾಗ ಯಾರ ರಟ್ಟೆಯೂ ಬೀಳದೆ ಲಕ್ಷಗಳು ತುಂಬುತ್ತವೆ. ಖಡಕ್ ರೊಟ್ಟಿ ಕೆಡದೆ ಉಳಿಯುವುದರಿಂದ ದಿನಗಳ ಮೊದಲೇ ಶುರುಮಾಡಬಹುದು. ಇದನ್ನು ಭಕ್ತಿ ಎನ್ನುತ್ತೇವೆ, ಅದು ಹೌದು. ನೂರಾರು ಹಳ್ಳಿಗಳ ಕೆಲಸವನ್ನು ಹಂಚಿ ಕೂಡಿಸುವ ಬಹಳ ದೊಡ್ಡ ಜಾಣ್ಮೆಯೂ ಹೌದು.

ಇನ್ನೊಂದು ಲಿಜ್ಜತ್ ಹಪ್ಪಳ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನ ಒಂದು ಕಟ್ಟಡದ ಮಾಳಿಗೆಯ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲದಲ್ಲಿ ಶುರುಮಾಡಿದ ಕೆಲಸ. ಮೊದಲ ದಿನ ನಾಲ್ಕು ಪೊಟ್ಟಣ. ಅವರು ಬೆಳೆದದ್ದನ್ನು ಎಲ್ಲರೂ ಹೇಳುತ್ತಾರೆ, ಬೆಳೆದ ರೀತಿಯನ್ನು ಹೇಳುವವರು ಕಡಿಮೆ. ಹಿಟ್ಟು ಕಲಸುವುದು ಮಾತ್ರ ಶಾಖೆಯಲ್ಲಿ. ಬೆಳಿಗ್ಗೆ ಹೆಂಗಸರು ಬಂದು ನಾದಿದ ಹಿಟ್ಟು ಒಯ್ಯುತ್ತಾರೆ, ತಮ್ಮ ಮನೆಯಲ್ಲೇ ಲಟ್ಟಿಸಿ ಒಣಗಿಸುತ್ತಾರೆ, ಮರುದಿನ ತಂದು ತೂಗಿಸಿ ಕೂಲಿ ಪಡೆದು ಹೊಸ ಹಿಟ್ಟು ಒಯ್ಯುತ್ತಾರೆ. ರುಚಿ ಕೆಡಬಹುದಾದ ಕೆಲಸ ಒಂದೇ ಕಡೆ, ಕೈ ಮತ್ತು ಜಾಗ ಬೇಡುವ ಕೆಲಸ ನೂರು ಕಡೆ. ಒಣಗಿಸಲು ಅವರು ಕೋಣೆ ಕಟ್ಟಿಸಬೇಕಾಗಲಿಲ್ಲ. ಒಬ್ಬೊಬ್ಬಾಕೆಯ ಮನೆಯೂ ಒಂದೊಂದು ಒಣಗಿಸುವ ಕೋಣೆಯಾಯಿತು.

ವೈನಿ ಈಗ ದೊಡ್ಡ ಆರ್ಡರುಗಳಿಗೆ ಇದೇ ದಾರಿ ಹಿಡಿದಿದ್ದಾಳೆ. ಜೋಳ ಆಕೆಯದೇ, ಬೀಸಿಸುವುದೂ ಆಕೆಯೇ. ಹಿಟ್ಟಿನ ಜೊತೆ ಪ್ರತಿ ಮನೆಗೂ ಒಂದು ಸ್ಟೀಲ್ ತಾಟು ಕೊಡುತ್ತಾಳೆ, ರೊಟ್ಟಿ ಆ ತಾಟಿನ ಅಂಚಿಗೆ ಸರಿಯಾಗಿ ಕೂರಬೇಕು. ಉಂಡೆಯ ತೂಕಕ್ಕೆ ಒಂದು ನಮೂನೆ ಉಂಡೆ ಮಾಡಿ ತೋರಿಸಿ ಬರುತ್ತಾಳೆ. ವಾಪಸ್ ಬಂದಾಗ ಹತ್ತಕ್ಕೊಂದು ರೊಟ್ಟಿ ಮುರಿದು ನೋಡುತ್ತಾಳೆ. ‘ಚಟ್’ ಎನ್ನಬೇಕು. ಬಾಗಿ ಮುರಿದರೆ ಒಣಗಿಲ್ಲ ಎಂದರ್ಥ, ಆ ಥಪ್ಪಿ ಮತ್ತೆ ತಟ್ಟಿಗೆ ಹೋಗುತ್ತದೆ. ಇದಕ್ಕಿಂತ ನಿಖರವಾದ ತಪಾಸಣೆಯನ್ನು ನಾನು ದೊಡ್ಡ ಕಾರ್ಖಾನೆಗಳ ಕಡತದಲ್ಲೂ ಕಂಡಿಲ್ಲ.

ಕೆಲಸಕ್ಕೆ ಬರುವವರ ದಿನ ಹೇಗಿರುತ್ತದೆ ಎಂದು ಕೇಳದೆ ವೇಳಾಪಟ್ಟಿ ಮಾಡಬಾರದು. ಇದನ್ನು ನಾನು ತಡವಾಗಿ ಕಲಿತೆ. ಮೊದಲ ತಿಂಗಳು ಹಾಜರಿ ಪುಸ್ತಕದಲ್ಲಿ ಒಂದು ವಿಚಿತ್ರ ಕಂಡಿತು. ಕೆಲವು ದಿನ ಆರೂ ಜನ, ಕೆಲವು ದಿನ ಮೂವರು. ಜ್ವರವೂ ಅಲ್ಲ, ಹಬ್ಬವೂ ಅಲ್ಲ. ಕೇಳಿದಾಗ ಒಬ್ಬಾಕೆ ಹೇಳಿದಳು: “ನಳಾ ಬರೂ ದಿವಸ ಮನಿ ಬಿಟ್ಟು ಹೆಂಗ ಬರೂದ್ರಿ?” ಕುಡಿಯುವ ನೀರು ಕೆಲವು ದಿನಗಳಿಗೊಮ್ಮೆ ಬರುವ ಓಣಿಯಲ್ಲಿ, ನೀರು ತುಂಬಿಕೊಳ್ಳುವುದಕ್ಕಿಂತ ದೊಡ್ಡ ಕೆಲಸ ಬೇರೆ ಇಲ್ಲ. ಆಮೇಲೆ ನಳದ ದಿನವನ್ನು ನೋಡಿಯೇ ಕೆಲಸ ಹಂಚಿದೆವು. ಎರಡು ಓಣಿಗಳಿಂದ ಜನ ತೆಗೆದುಕೊಂಡೆವು, ಆರು ಜಾಗಕ್ಕೆ ಎಂಟು ಹೆಸರು ಬರೆದುಕೊಂಡೆವು. ಶಾಲೆಗೆ ಹೋಗುವ ಮಕ್ಕಳಿರುವವರು ಏಳೂವರೆಯಿಂದ ಒಂಬತ್ತರವರೆಗೆ ಮನೆಗೆ ಹೋಗಿ ಬರಬಹುದು. ಆ ಹೊತ್ತಿನಲ್ಲಿ ಮಕ್ಕಳು ದೊಡ್ಡವರಾದ ಹೆಂಗಸರು ಬಡಿಯುತ್ತಾರೆ. ಒಬ್ಬರ ಬದುಕಿನ ಇಕ್ಕಟ್ಟನ್ನು ಇನ್ನೊಬ್ಬರ ಬಿಡುವು ತುಂಬುತ್ತದೆ.

ಕೂಲಿಯ ಮಾತಿನಲ್ಲಿ ನನಗೂ ವೈನಿಗೂ ಜಗಳವೇ ಆಯಿತು. ರೊಟ್ಟಿಗಿಷ್ಟು ಎಂದು ನಗದ ಲೆಕ್ಕದಲ್ಲಿ ಕೊಟ್ಟರೆ ಲೆಕ್ಕ ಸುಲಭ, ಹೆಚ್ಚು ಬಡಿದವರಿಗೆ ಹೆಚ್ಚು ಸಿಗುತ್ತದೆ ಎಂದು ನನ್ನ ವಾದ. “ಹಂಗ ಕೊಟ್ರ ಅವ್ರು ರಟ್ಟಿ ಮುರಕೊಂಡು ಬಡೀತಾರ. ಒಂದು ವರ್ಷ ಬಡದು ಮನ್ಯಾಗ ಕುಂದರತಾರ. ಆಮ್ಯಾಲ ಅವ್ರ ಮನೀ ರೊಟ್ಟಿ ಬಡಿಯೋರು ಯಾರು?” ಎಂದು ವೈನಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ದಿನಗೂಲಿ 400 ಎಂದು ನಿಂತಿತು. ಮನೆಯಲ್ಲೇ ಮಾಡಿಕೊಡುವವರಿಗೆ ಮಾತ್ರ ರೊಟ್ಟಿ ಲೆಕ್ಕ.

ಒಂದು ರೊಟ್ಟಿಯ ಹೊಟ್ಟೆಯೊಳಗೆ ಏನೇನಿದೆ ಎಂದು ಬಿಡಿಸಿ ನೋಡಿದ್ದನ್ನೂ ಹೇಳಿಬಿಡುತ್ತೇನೆ. ಜೋಳ ಕೆಜಿಗೆ 50 ರೂಪಾಯಿ, ಬೀಸುವ ಕೂಲಿ ಮತ್ತು ಕಸಕ್ಕೆ ಹೋಗುವುದು ಸೇರಿ 55 ಎಂದು ಹಿಡಿದರೆ ರೊಟ್ಟಿಗೆ ಎರಡೂವರೆ ರೂಪಾಯಿ. ಆರು ಜನರ ಕೂಲಿ 2,400, ರೊಟ್ಟಿಗೆ ನಾಲ್ಕು ರೂಪಾಯಿ. ಅದರಲ್ಲಿ ವೈನಿಯ ಕೂಲಿಯೂ ಸೇರಿದೆ. ಮನೆಯವಳ ದುಡಿಮೆಗೆ ಬೆಲೆ ಹಾಕದೆ ಬರೆದ ಲಾಭ ಲಾಭವಲ್ಲ ಎಂದು ನಾನು ಹಟ ಹಿಡಿದು ಬರೆಸಿದ್ದು. 19 ಕೆಜಿಯ ವಾಣಿಜ್ಯ ಸಿಲಿಂಡರ್ ಐದು ದಿನ ಬರುತ್ತದೆ, ಅಂದರೆ ಮೂರು ಸಾವಿರ ರೊಟ್ಟಿ. ರೊಟ್ಟಿಗೆ ಅರವತ್ತು ಪೈಸೆ. ಮನೆಬಳಕೆಯ ಸಿಲಿಂಡರಿನಲ್ಲಿ ಇದನ್ನು ಮಾಡುವುದು ಕಾನೂನಿಗೆ ವಿರುದ್ಧ, ಅಗ್ಗವೆಂದು ಆ ದಾರಿ ಹಿಡಿಯಬೇಡಿ. ಮುರಿದು ಹೋಗುವುದಕ್ಕೆ ನಲವತ್ತು ಪೈಸೆ, ಕಟ್ಟುವ ಕವರು ಮತ್ತು ಆಟೋಗೆ ಐವತ್ತು ಪೈಸೆ. ಒಟ್ಟು ಎಂಟು ರೂಪಾಯಿ. ಅಂಗಡಿಗೆ ಒಂಬತ್ತಕ್ಕೆ ಕೊಟ್ಟರೆ ಉಳಿಯುವುದು ಒಂದು ರೂಪಾಯಿ. ದಿನಕ್ಕೆ ಆರುನೂರು. ಬಾಡಿಗೆ, ದುರಸ್ತಿ, ಕಂತು ಎಲ್ಲ ಇದರಲ್ಲೇ. ಮುರಿದ ರೊಟ್ಟಿಯನ್ನು ಬಿಸಾಡದೆ ಒಗ್ಗರಣೆ ಹಾಕಿ ಸಣ್ಣ ಪೊಟ್ಟಣ ಮಾಡಿದ್ದು, ಮಧ್ಯಾಹ್ನ ಹಂಚು ಖಾಲಿಯಿರುವಾಗ ಶೇಂಗಾ, ಅಗಸಿ, ಗುರೆಳ್ಳು ಹುರಿದು ಚಟ್ನಿ ಪುಡಿ ಮಾಡಿದ್ದು ಆಮೇಲಿನ ಮಾತು. ನಿಜ ಹೇಳಬೇಕೆಂದರೆ ರೊಟ್ಟಿಗಿಂತ ಚಟ್ನಿಯಲ್ಲೇ ಹೆಚ್ಚು ಉಳಿಯುತ್ತದೆ. ಆದರೆ ರೊಟ್ಟಿ ಇಲ್ಲದಿದ್ದರೆ ಆ ಚಟ್ನಿಗೆ ಗಿರಾಕಿ ಬರುವುದಿಲ್ಲ.

ದುಡ್ಡು ಓಡಾಡುವ ಹೊತ್ತನ್ನೂ ಕಾರ್ಯಾಚರಣೆಯ ಭಾಗವೆಂದೇ ನೋಡಬೇಕು. ಅಂಗಡಿಯವರು ಇಪ್ಪತ್ತು ದಿನ ಬಿಟ್ಟು ಹಣ ಕೊಡುತ್ತಾರೆ. ದಿನಕ್ಕೆ 5,400 ರೂಪಾಯಿಯ ಮಾಲು ಎಂದರೆ ಯಾವಾಗಲೂ ಲಕ್ಷಕ್ಕೂ ಹೆಚ್ಚು ರೂಪಾಯಿ ಬೇರೆಯವರ ಗಲ್ಲೆಯಲ್ಲಿ. ಕೂಲಿ ಮಾತ್ರ ಶನಿವಾರ ಕೊಡಲೇಬೇಕು. ಇನ್ನು ಜೋಳ. ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತುತ್ತಾರೆ, ಫೆಬ್ರುವರಿ-ಮಾರ್ಚಿಗೆ ರಾಶಿ. ಆಗ ಹೊಸ ಮಾಲದಂಡಿ ಜೋಳ ಬರುತ್ತದೆ, ಆರಿಸಿಕೊಳ್ಳಲು ಸಿಗುತ್ತದೆ, ದರವೂ ಹಿಡಿತದಲ್ಲಿರುತ್ತದೆ. ವರ್ಷಕ್ಕೆ ಬೇಕಾದದ್ದು 80 ಕ್ವಿಂಟಲ್. ಅಷ್ಟನ್ನೂ ಒಮ್ಮೆಲೇ ಹಿಡಿಯಬೇಕೆಂದರೆ ಮೂರೂವರೆ ನಾಲ್ಕು ಲಕ್ಷ ಬೇಕು. ಹಿಂದಿನವರಿಗೆ ಹಗೇವು ಇತ್ತು, ನೆಲದೊಳಗೆ ವರ್ಷಗಟ್ಟಲೆ ಜೋಳ ಕೆಡದೆ ಕೂರುತ್ತಿತ್ತು. ನಮಗೆ ಚೀಲ, ನುಸಿ, ಇಲಿಯ ಚಿಂತೆ. ಯಂತ್ರಕ್ಕೆ ಸಾಲ ಕೇಳುವವರು ಬಹಳ, ಜೋಳಕ್ಕೆ ಸಾಲ ಕೇಳಬೇಕೆಂದು ಹೊಳೆಯುವುದು ಕೆಲವರಿಗೆ ಮಾತ್ರ. ನನ್ನ ಅನುಭವದಲ್ಲಿ ಸಣ್ಣ ತಿನಿಸಿನ ಉದ್ಯೋಗಗಳು ಉಸಿರುಗಟ್ಟುವುದು ಈ ದುಡಿಯುವ ಬಂಡವಾಳ ಇಲ್ಲದೆಯೇ.

ಕಾಗದಪತ್ರಗಳ ವಿಷಯಕ್ಕೆ ಹೆಚ್ಚು ಹೆದರಬೇಕಾಗಿಲ್ಲ. ಉದ್ಯಮ್ ನೋಂದಣಿ ಉಚಿತ, ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿಯನ್ನು ನಂಬಬೇಡಿ. ನೋಂದಣಿ ಮಾಡಿಸಿದ ಸಣ್ಣ ಉದ್ಯಮಕ್ಕೆ ಮಾಲು ಕೊಂಡವರು 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಆಹಾರ ಸುರಕ್ಷತೆಯ ನೋಂದಣಿಯ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಜೊತೆಗೆ ತಯಾರಿಸಿದವರ ವಿಳಾಸ, ತೂಕ, ದರ, ದಿನಾಂಕ. ಕಿರು ಆಹಾರ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ಶೇ 35ರಷ್ಟು ಸಹಾಯಧನವಿತ್ತು, ಕರ್ನಾಟಕ ಸರ್ಕಾರ ಅದಕ್ಕೆ ಶೇ 15 ಸೇರಿಸಿತು. ಇಂಥ ನೆರವು ಸಿಕ್ಕರೆ ಪಡೆಯಲೇಬೇಕು. ಸಹಾಯಧನ ಸಿಗುತ್ತದೆಂಬ ಕಾರಣಕ್ಕೇ ದೊಡ್ಡ ಯಂತ್ರ ಕೊಳ್ಳುವುದು ಮಾತ್ರ ಬೇಡ.

ರೊಟ್ಟಿ ಸಣ್ಣ ವ್ಯಾಪಾರವೆಂದು ಮೂಗು ಮುರಿಯುವವರಿಗೆ ಕಲಬುರಗಿಯನ್ನು ತೋರಿಸಬೇಕು. ಅಲ್ಲಿನ ಮಹಿಳಾ ಸಂಘಗಳ ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಬೆಂಗಳೂರಿನವರೆಗೂ ಹೋಗುತ್ತಿದೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆಂದು 2025ರ ಜೂನ್ ತಿಂಗಳ ‘ಮನದ ಮಾತು’ ರೇಡಿಯೊ ಕಾರ್ಯಕ್ರಮದಲ್ಲಿ ಪ್ರಧಾನಿಯೂ ಅವರನ್ನು ನೆನೆದರು. ಆ ಸುದ್ದಿ ಕೇಳಿದ ದಿನ ವೈನಿಯ ಚಪ್ಪರದಲ್ಲಿ ಎಲ್ಲರೂ ಕೈ ನಿಲ್ಲಿಸಿ ರೇಡಿಯೊ ಕಡೆ ತಿರುಗಿದ್ದರು. ನನ್ನ ಮನಸ್ಸು ಆ ಮೂರು ಸಾವಿರದ ಹಿಂದಿನ ಒಲೆಗಳನ್ನು, ಗಿರಣಿಯ ಸರದಿಯನ್ನು, ಒಣಗುವ ಜಾಗವನ್ನು ಎಣಿಸುತ್ತಿತ್ತು.

ಕಳೆದ ಮಾರ್ಚಿನಲ್ಲಿ ವೈನಿಯ ಜೊತೆ ಜೋಳ ನೋಡಲು ಹೋಗಿದ್ದೆ. ರಾಶಿ ಆಗತಾನೆ ಮುಗಿದು ಕಣದಲ್ಲಿ ಚೀಲ ತುಂಬುತ್ತಿದ್ದರು. ರೈತ ದರ ಹೇಳಿದ. ವೈನಿ ಉತ್ತರ ಕೊಡದೆ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರವಿ ನೋಡಿದಳು. ಎರಡು ಕಾಳು ಬಾಯಿಗೆ ಹಾಕಿ ಕಡಿದಳು. ಎರಡನೆಯದನ್ನು ಕಡಿದಾಗ ಸದ್ದು ಮೆತ್ತಗಿತ್ತು. “ಇನ್ನೂ ಹಸಿ ಐತ್ರಿ ಯಜಮಾನ್ರ. ನಾಕು ದಿನ ಬಿಸಿಲು ಕುಡೀಲಿ” ಎಂದಳು. ಆಮೇಲೆ ಸೆರಗಿನ ತುದಿಯಿಂದ ಒಂದು ಚೀಟಿ ಬಿಚ್ಚಿದಳು. ಅದರಲ್ಲಿ ತಟ್ಟಿ ಎಷ್ಟು, ಎಂಟು ಜನರ ಹೆಸರು, ನಳದ ದಿನ, ಮಳೆಗಾಲದ 450, ಬೇಸಿಗೆಯ 600 ಎಲ್ಲ ಇತ್ತು. ಅದನ್ನು ಒಮ್ಮೆ ಓದಿಕೊಂಡು ರೈತನಿಗೆ ಹೇಳಿದಳು: “ಈಗ ಇಪ್ಪತ್ತು ಚೀಲ. ಯುಗಾದಿ ಮುಂದ ಇಪ್ಪತ್ತು. ಉಳಿದದ್ದರ ಮಾತು ಆಮ್ಯಾಲ.”